ಶರದೃತುವಿನ ಕಡಲ ವಿಹಾರ: ಎರೆಸೀಮೆಯ ಪ್ರಯಾಣಿಕರಿಗೆ ಕೆಲವು ವಿಚಾರಗಳು

ರೋಣ, ನರಗುಂದ, ಗಜೇಂದ್ರಗಡಗಳು ಕಡಲಿನ ಸದ್ದು ಕೇಳದ ಊರುಗಳು. ಎರೆಭೂಮಿಯ ಈ ವಿಶಾಲವಾದ ಬಯಲಿನಲ್ಲಿ ದೂರದಿಂದ ಕಣ್ಣಿಗೆ ಬೀಳುವುದು ನರಗುಂದದ ಕೋಟೆಯ ಗುಡ್ಡ, ಗಜೇಂದ್ರಗಡದ ಬೆಟ್ಟಸಾಲು ಇಷ್ಟೆ. ಆದರೂ ಈಚಿನ ವರ್ಷಗಳಲ್ಲಿ ದಸರೆಯ ಬಿಡುವು ಸಮೀಪಿಸಿದಂತೆ ಇಲ್ಲಿಯ ಶಿಕ್ಷಕರ, ವ್ಯಾಪಾರಿಗಳ, ಅನುಕೂಲವುಳ್ಳ ರೈತರ ಮನೆಗಳಲ್ಲಿ ಹಡಗಿನ ಪ್ರವಾಸದ ಮಾತು ಕೇಳಿಬರುತ್ತಿದೆ. ಗೋವೆಗೆ ಹೋಗಬೇಕೆ, ಲಕ್ಷದ್ವೀಪಕ್ಕೆ ಹೋಗಬೇಕೆ, ಇಲ್ಲವೆ ಅಂಡಮಾನಿಗೆ ಹೋಗಬೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ದರಪಟ್ಟಿಯನ್ನೂ ಚಿತ್ರಗಳನ್ನೂ ನೋಡಿ ತೀರ್ಮಾನಿಸಲಾಗುತ್ತದೆ. ವಾಸ್ತವದಲ್ಲಿ ಮೊದಲು ಕೇಳಬೇಕಾದುದು ಬೇರೊಂದು ಪ್ರಶ್ನೆ: ನಮಗೆ ಬಿಡುವಿರುವ ಆ ಹದಿನೈದು ದಿನಗಳಲ್ಲಿ ಯಾವ ಕಡಲು ಶಾಂತವಾಗಿರುತ್ತದೆ? ಊರಿನ ಆಯ್ಕೆ ಅನಂತರದ ಮಾತು. ಜೀವಮಾನದಲ್ಲಿ ಒಮ್ಮೆ ಮಾತ್ರ ಇಂಥ ಪ್ರಯಾಣವನ್ನು ಕೈಗೊಳ್ಳಬಲ್ಲ ಕುಟುಂಬಗಳಿಗೆ ಈ ವಿಚಾರ ಸಣ್ಣದಲ್ಲ. ಪ್ರಕೃತ ಲೇಖನದಲ್ಲಿ ಈ ವಿಷಯವನ್ನು ಭೂಗೋಳದ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಸೀಮೆಯು ಕಡಲಿಗೆ ದೂರವಾದರೂ ಎರಡು ಕಡಲುಗಳ ಸಂಬಂಧದಲ್ಲಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಾಭಿಮುಖವಾಗಿ ನರಗುಂದ, ರೋಣಗಳ ಬಯಲನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಮಹದಾಯಿಯು ಪಶ್ಚಿಮಕ್ಕೆ ಹರಿದು, ಮಾಂಡೋವಿ ಎಂಬ ಹೆಸರಿನಿಂದ ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ಮಹದಾಯಿಯ ನೀರಿನ ಪಾಲಿಗಾಗಿ ನರಗುಂದದ ರೈತರು 2015ರಲ್ಲಿ ದೀರ್ಘವಾದ ಚಳವಳಿಯನ್ನು ಹೂಡಿದುದು ವಾಚಕರಿಗೆ ತಿಳಿದೇ ಇದೆ. ನೀರಿಗೆ ಸಲ್ಲುವ ಮಾತು ಮಳೆಗೂ ಸಲ್ಲುತ್ತದೆ. ಮುಂಗಾರಿನ ಗಾಳಿ ಪಶ್ಚಿಮದ ಕಡಲಿನಿಂದ ಬರುತ್ತದೆ. ಹಿಂಗಾರಿನ ಮಳೆಯಲ್ಲಿ ಹೆಚ್ಚಿನ ಪಾಲು ಪೂರ್ವದ ಕಡಲಿನ ಕೊಡುಗೆ. ಆದುದರಿಂದ ಶರತ್ಕಾಲದ ಕಡಲನ್ನು ಅರಿಯಲು ಈ ಸೀಮೆಯವರು ತಮ್ಮ ಮೇಲಿನ ಆಕಾಶದಿಂದಲೇ ಆರಂಭಿಸಬಹುದು.

ಕಡಲು ಏಕೆ ಕೆರಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ತೆರೆಯ ಎತ್ತರ ಮೂರು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ವೇಗ, ಅದು ಬೀಸಿದ ಕಾಲ, ನೀರಿನ ಮೇಲೆ ಅದು ಅಡೆತಡೆಯಿಲ್ಲದೆ ಸಾಗಿಬಂದ ದೂರ. ಕೆರೆಯಲ್ಲಿ ಎಷ್ಟೇ ಬಿರುಗಾಳಿ ಬೀಸಿದರೂ ದೊಡ್ಡ ತೆರೆ ಏಳದಿರುವುದು ಈ ಮೂರನೆಯ ಕಾರಣದಿಂದ. ಜೂನಿನಿಂದ ಆಗಸ್ಟಿನವರೆಗೆ ನೈಋತ್ಯ ಮಾರುತವು ಸಾವಿರಾರು ಕಿಲೋಮೀಟರುಗಳ ನೀರಿನ ಮೇಲೆ ಎಡೆಬಿಡದೆ ಬೀಸಿ ಬರುವುದರಿಂದ ಕರ್ನಾಟಕದ ಕರಾವಳಿಯಾಚೆ ಮೂರು ನಾಲ್ಕು ಮೀಟರು ಎತ್ತರದ ತೆರೆಗಳು ಏಳುತ್ತವೆ. ಮಳೆಗಾಲ ಕಳೆದ ಮೇಲೆ ಅದೇ ಕಡಲಿನಲ್ಲಿ ತೆರೆಗಳು ಬಹುಮಟ್ಟಿಗೆ ಒಂದೂವರೆ ಮೀಟರಿನೊಳಗೇ ಇರುತ್ತವೆ. ಎತ್ತರ ಇಮ್ಮಡಿಯಾದರೆ ತೆರೆಯ ಶಕ್ತಿ ನಾಲ್ಮಡಿಯಾಗುತ್ತದೆ. ಆದಕಾರಣ ಒಂದು ಮೀಟರಿನ ತೆರೆಗೂ ಮೂರು ಮೀಟರಿನ ತೆರೆಗೂ ಇರುವ ಅಂತರ ಅಂಕೆಯಲ್ಲಿ ತೋರುವುದಕ್ಕಿಂತ ಬಹಳ ಹೆಚ್ಚಿನದು. ನಾವಿಕರ ಗಣನೆಯಲ್ಲಿ 1.25ರಿಂದ 2.5 ಮೀಟರಿನವರೆಗಿನ ಕಡಲು ಮಧ್ಯಮ, 2.5ರಿಂದ 4 ಮೀಟರಿನವರೆಗಿನದು ಒರಟು.

ಗಜೇಂದ್ರಗಡದ ಬೆಟ್ಟಗಳ ಮೇಲೆ ನಿಂತಿರುವ ಗಾಳಿಯಂತ್ರಗಳು ಈ ವಿಷಯದಲ್ಲಿ ಒಳ್ಳೆಯ ಪಾಠವನ್ನು ಹೇಳುತ್ತವೆ. ಆಷಾಢ ಶ್ರಾವಣಗಳಲ್ಲಿ ಅವು ಹಗಲಿರುಳು ಭರದಿಂದ ತಿರುಗುತ್ತವೆ. ಆಶ್ವಯುಜದ ಹೊತ್ತಿಗೆ ಅವುಗಳ ರೆಕ್ಕೆಗಳು ನಿಧಾನವಾಗುತ್ತವೆ. ಆ ರೆಕ್ಕೆಗಳನ್ನು ತಿರುಗಿಸುವ ಪಡುವಣ ಗಾಳಿಯೇ ಅರಬ್ಬೀ ಸಮುದ್ರದ ತೆರೆಗಳನ್ನೂ ಎಬ್ಬಿಸುತ್ತದೆ. ಹೀಗಾಗಿ ರೆಕ್ಕೆಗಳು ತಣ್ಣಗಾದುವೆಂದರೆ ಪಶ್ಚಿಮದ ಕಡಲೂ ತಗ್ಗುತ್ತಿದೆಯೆಂದು ಸ್ಥೂಲವಾಗಿ ಊಹಿಸಬಹುದು. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಬಹುದೂರದ ಬಿರುಗಾಳಿಯಿಂದ ಹುಟ್ಟಿದ ಉಬ್ಬಲೆಗಳು ಗಾಳಿಯಿಲ್ಲದ ದಿನವೂ ದಡಕ್ಕೆ ಬರಬಲ್ಲವು. ಚಂಡಮಾರುತದ ಸುದ್ದಿಯನ್ನು ಬೆಟ್ಟದ ಮೇಲಿನ ಯಂತ್ರವು ಮುಂದಾಗಿ ಹೇಳಲಾರದು.

ಇನ್ನು ಋತುವಿನ ನಡೆಯನ್ನು ನೋಡೋಣ. ನಮ್ಮ ಪಂಚಾಂಗದಲ್ಲಿ ಆಶ್ವಯುಜ ಕಾರ್ತಿಕಗಳು ಶರದೃತು. ಭಾರತ ಹವಾಮಾನ ಇಲಾಖೆಯು 2020ರಲ್ಲಿ ಪರಿಷ್ಕರಿಸಿದ ಗಣನೆಯ ಪ್ರಕಾರ ನೈಋತ್ಯ ಮಾನಸೂನು ಸೆಪ್ಟೆಂಬರ್ 17ರ ಸುಮಾರಿಗೆ ವಾಯವ್ಯ ರಾಜಸ್ಥಾನದಿಂದ ಹಿಂಜರಿಯಲು ತೊಡಗಿ, ಅಕ್ಟೋಬರ್ 15ರ ಹೊತ್ತಿಗೆ ದೇಶವನ್ನು ಬಿಡುತ್ತದೆ. ಅಕ್ಟೋಬರ್ 20ರ ಸುಮಾರಿಗೆ ತಮಿಳುನಾಡಿನ ಕರಾವಳಿಯಲ್ಲಿ ಈಶಾನ್ಯ ಮಾನಸೂನು ಕಾಲಿಡುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಇವು ಹಸ್ತಾ, ಚಿತ್ತಾ, ಸ್ವಾತಿ ಮಳೆಗಳ ದಿನಗಳು. ಅಂದರೆ ಶರದೃತುವೆಂಬುದು ಒಂದೇ ಬಗೆಯ ಹವೆಯ ಕಾಲವಲ್ಲ. ಒಂದು ಗಾಳಿ ತೆರಳಿ ಇನ್ನೊಂದು ನೆಲೆಗೊಳ್ಳುವ ನಡುವಣ ಸಂಧಿಕಾಲವದು. ಪಾಶ್ಚಾತ್ಯರ ಪ್ರವಾಸ ಗ್ರಂಥಗಳಲ್ಲಿ ಶರತ್ಕಾಲವು ಭೂಮಧ್ಯ ಸಮುದ್ರದ ವಿಹಾರಕ್ಕೆ ಹಿತವಾದುದೆಂದು ಹೇಳಿರುವುದನ್ನು ಓದಿ ಅದನ್ನು ನಮ್ಮ ಕಡಲುಗಳಿಗೆ ಅನ್ವಯಿಸುವುದು ತಪ್ಪಾಗುತ್ತದೆ. ಅವರಲ್ಲಿಯೂ ಈ ಮಾತು ಎಲ್ಲೆಡೆ ಸಲ್ಲದು. ಅಟ್ಲಾಂಟಿಕ್ ಸಾಗರದ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ಕೆರಿಬ್ಬಿಯನ್ ದ್ವೀಪಗಳಿಗೆ ಶರತ್ಕಾಲವೇ ಅಪಾಯದ ಕಾಲ.

ಬಂಗಾಳ ಕೊಲ್ಲಿಗೂ ಶರತ್ಕಾಲವು ಇಂಥದೇ. ಚಂಡಮಾರುತ ಹುಟ್ಟಲು ಕಡಲಿನ ಮೇಲ್ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿ ಬೆಚ್ಚಗಿರಬೇಕು. ಮೇಲಿನ ಗಾಳಿಗಳು ಅದನ್ನು ಚದರಿಸದಂತಿರಬೇಕು. ಗಂಗೆ, ಮಹಾನದಿ, ಗೋದಾವರಿ, ಕೃಷ್ಣೆಗಳ ಸಿಹಿನೀರು ಕೊಲ್ಲಿಯ ಮೇಲೆ ಹಗುರವಾದ ಪದರವಾಗಿ ಹರಡಿಕೊಂಡು, ಕೆಳಗಿನ ತಣ್ಣೀರು ಸುಲಭವಾಗಿ ಮೇಲೇಳದಂತೆ ಮಾಡುತ್ತದೆ. ಆದಕಾರಣ ಅಕ್ಟೋಬರ್, ನವೆಂಬರುಗಳಲ್ಲಿ ಅಲ್ಲಿ ವಾಯುಭಾರ ಕುಸಿತಗಳು ಮೇಲಿಂದ ಮೇಲೆ ಉಂಟಾಗುತ್ತವೆ. 1999ರ ಅಕ್ಟೋಬರ್ 29ರಂದು ಒಡಿಶಾವನ್ನು ಧ್ವಂಸಗೊಳಿಸಿದ ಮಹಾಚಂಡಮಾರುತ, 2013ರ ಅಕ್ಟೋಬರಿನ ಫೈಲಿನ್, 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಹೊಡೆದ ಹುದ್‌ಹುದ್ ಇವೆಲ್ಲ ಶರತ್ಕಾಲದ ಸಂತತಿಗಳೇ. 2009ರ ಸೆಪ್ಟೆಂಬರಿನ ಕೊನೆಯಲ್ಲಿ ಮತ್ತು ಅಕ್ಟೋಬರಿನ ಮೊದಲಲ್ಲಿ ಕೊಲ್ಲಿಯ ಕಡೆಯಿಂದ ಬಂದ ಕಡಿಮೆ ಒತ್ತಡದ ವಲಯವು ಉತ್ತರ ಕರ್ನಾಟಕದ ಮೇಲೆ ನಿಂತು ಸುರಿದಾಗ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ನರಗುಂದ, ರೋಣ ತಾಲೂಕುಗಳ ಊರುಗಳನ್ನು ಮುಳುಗಿಸಿದುದನ್ನು ಇಲ್ಲಿಯವರು ಮರೆತಿಲ್ಲ. ಹಿಂಗಾರಿನ ಬಿತ್ತನೆಗೆ ನಾವು ಹಾರೈಸುವ ಮಳೆಯನ್ನು ತರುವ ಕುಸಿತವೇ ಕೊಲ್ಲಿಯಲ್ಲಿ ಹಡಗನ್ನು ಹೊಯ್ದಾಡಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರಬ್ಬೀ ಸಮುದ್ರದ ಸ್ಥಿತಿ ಇದಕ್ಕಿಂತ ಉತ್ತಮವೆಂದು ಹೇಳಬೇಕು. ಎರಡು ಕಡಲುಗಳ ಚಂಡಮಾರುತಗಳನ್ನು ಬಹುಕಾಲದ ಲೆಕ್ಕದಲ್ಲಿ ಹೋಲಿಸಿದರೆ ಕೊಲ್ಲಿಯಲ್ಲಿ ನಾಲ್ಕಕ್ಕೆ ಇಲ್ಲಿ ಒಂದರಂತೆ ಕಂಡುಬರುತ್ತದೆ. ಆದರೆ ಈ ಕಡಲೂ ಬೆಚ್ಚಗಾಗುತ್ತಿದ್ದು, ಇಲ್ಲಿ ಪ್ರಬಲವಾದ ಚಂಡಮಾರುತಗಳು ಹೆಚ್ಚುತ್ತಿರುವುದು ಈಚಿನ ಅಧ್ಯಯನಗಳಿಂದ ತಿಳಿದುಬಂದಿದೆ. 2009ರ ನವೆಂಬರಿನಲ್ಲಿ ಫ್ಯಾನ್ ಚಂಡಮಾರುತವು ಕೊಂಕಣ ಕರಾವಳಿಯನ್ನು ತಾಕಿತು. 2019ರ ಅಕ್ಟೋಬರ್ 27ರಂದು, ದೀಪಾವಳಿಯ ದಿನವೇ, ಕ್ಯಾರ್ ಎಂಬುದು ಮಹಾಚಂಡಮಾರುತದ ಪ್ರಮಾಣಕ್ಕೆ ಬೆಳೆದಿತ್ತು. ಅದು ದಡಕ್ಕೆ ಬಾರದೆ ಪಶ್ಚಿಮಕ್ಕೆ ತಿರುಗಿದರೂ ಕರ್ನಾಟಕದ ಕರಾವಳಿಯಲ್ಲಿ ತೆರೆಗಳು ಉಕ್ಕಿದುವು. ಅದು ಅಳಿಯುವ ಮುನ್ನವೇ ಲಕ್ಷದ್ವೀಪದ ಬಳಿ ಮಹಾ ಎಂಬ ಇನ್ನೊಂದು ಚಂಡಮಾರುತ ತಲೆಯೆತ್ತಿತು. 2017ರ ನವೆಂಬರಿನ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಹಠಾತ್ತಾಗಿ ಬಲಗೊಂಡ ಓಖಿಯು ನೂರಾರು ಮೀನುಗಾರರ ಪ್ರಾಣವನ್ನು ತೆಗೆದುಕೊಂಡು ಲಕ್ಷದ್ವೀಪವನ್ನು ಹಾಯ್ದು ಹೋಯಿತು. ಅಂತೂ ಪಶ್ಚಿಮದ ಕಡಲು ಹೆಚ್ಚು ನಂಬಿಕೆಗೆ ಅರ್ಹವೇ ಹೊರತು ಸಂಪೂರ್ಣ ನಿರ್ಭಯವಲ್ಲ.

ಕಡಲಿನೊಡನೆ ಬಾಳಿದವರು ಋತುವಿಗೆ ತಲೆಬಾಗುವುದನ್ನು ಹಿಂದಿನಿಂದಲೂ ಕಲಿತಿದ್ದಾರೆ. 1442ರಲ್ಲಿ ಹಾರ್ಮುಜ್‌ನಿಂದ ಹೊರಟು, ಕಲ್ಲಿಕೋಟೆಯ ಮೇಲೆ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಪ್ರಯಾಣಕ್ಕೆ ತಕ್ಕ ಕಾಲವು ದಾಟಿಹೋದ ಮೇಲೆ ಹಡಗನ್ನೇರಬೇಕಾಗಿ ಬಂದುದರ ಭಯವನ್ನು ತನ್ನ ವೃತ್ತಾಂತದಲ್ಲಿ ಬಣ್ಣಿಸಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿ ಮತ್ತು ಪಣಜಿಗಳ ನಡುವೆ ಓಡಾಡುತ್ತಿದ್ದ ಆಗಬೋಟುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದುವು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಇಂದಿನ ದೊಡ್ಡ ವಿಹಾರನೌಕೆಗಳೂ ಈ ನಿಯಮಕ್ಕೆ ಹೊರತಲ್ಲ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚಾರವನ್ನು ಆರಂಭಿಸಿದ ಎಂಪ್ರೆಸ್ ಎಂಬ ನೌಕೆಯು 2022ರ ಜೂನಿನಲ್ಲಿ ಚೆನ್ನೈಗೆ ಸರಿದು ವಿಶಾಖಪಟ್ಟಣದ ಕಡೆಗೆ ವಿಹಾರ ನಡೆಸಿತು. ಪಶ್ಚಿಮದಲ್ಲಿ ಮಾನಸೂನು ಅಬ್ಬರಿಸುವ ಕಾಲದಲ್ಲಿ ಪೂರ್ವತೀರವನ್ನು ಆಶ್ರಯಿಸುವ ಈ ಪದ್ಧತಿಯಲ್ಲಿ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಳಿದ ಅರ್ಧವೆಂದರೆ, ಶರದೃತುವಿನಲ್ಲಿ ಈ ಆಶ್ರಯವು ಅದಲುಬದಲಾಗುತ್ತದೆ.

ಮೇಲಿನ ವಿಚಾರಗಳನ್ನು ಈ ಮೂರು ಊರುಗಳ ಪ್ರಯಾಣಿಕರ ಅನುಕೂಲಕ್ಕೆ ಹೊಂದಿಸಿ ಹೀಗೆ ಹೇಳಬಹುದು. ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮಧ್ಯದವರೆಗೆ, ಎಂದರೆ ಸಾಮಾನ್ಯವಾಗಿ ದಸರೆಯ ಬಿಡುವಿನಲ್ಲಿ, ಮಾನಸೂನಿನ ಬಾಲವು ಇನ್ನೂ ಪೂರ್ತಿಯಾಗಿ ತೆರಳಿರುವುದಿಲ್ಲ. ಆಗ ಹೋಗಲೇಬೇಕೆಂದರೆ ದಡವನ್ನು ಬಹುದೂರ ಬಿಡದ ಮುಂಬಯಿ-ಗೋವೆಯ ಕಿರುಪ್ರಯಾಣ, ಇಲ್ಲವೆ ಪಣಜಿಯ ಬಳಿ ಮಾಂಡೋವಿ ನದಿಯಲ್ಲಿಯ ದೋಣಿವಿಹಾರ ಸಾಕು. ಮುಂಬಯಿಗೆ ಹೋಗುವವರಿಗೆ ಹೊಳೆಆಲೂರಿನ ಮೇಲೆ ಹಾಯುವ ಗದಗ-ಸೊಲ್ಲಾಪುರ ರೈಲುಮಾರ್ಗವೂ, ಗೋವೆ ಕಾರವಾರಗಳಿಗೆ ಹೋಗುವವರಿಗೆ ಹುಬ್ಬಳ್ಳಿಯ ಮಾರ್ಗವೂ ಅನುಕೂಲ. ಅಕ್ಟೋಬರಿನ ಉತ್ತರಾರ್ಧದಿಂದ ನವೆಂಬರಿನ ಮಧ್ಯದವರೆಗೆ ಅರಬ್ಬೀ ಸಮುದ್ರವು ಬಹುತೇಕ ಶಾಂತವಾಗಿರುತ್ತದೆ. ಆದರೆ ಕುಸಿತಗಳ ಸಾಧ್ಯತೆಯೂ ಇರುವ ಕಾಲವದು. ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ಪಶ್ಚಿಮದ ಕಡಲು ವಿಹಾರಕ್ಕೆ ಅತ್ಯುತ್ತಮ. ಡಿಸೆಂಬರಿನ ಮೊದಲ ದಿನಗಳವರೆಗೆ ಮಾತ್ರ ಹವಾಮಾನದ ಸುದ್ದಿಯ ಮೇಲೆ ಕಣ್ಣಿಟ್ಟಿರಬೇಕು.

ಲಕ್ಷದ್ವೀಪವನ್ನು ಈ ಕೊನೆಯ ಭಾಗಕ್ಕೆ ಮೀಸಲಿಡುವುದು ಲೇಸು. ಕೊಚ್ಚಿಯಿಂದ 220ರಿಂದ 440 ಕಿಲೋಮೀಟರುಗಳ ದೂರದಲ್ಲಿ ಹರಡಿರುವ ಈ ಹವಳದ ದ್ವೀಪಗಳಲ್ಲಿ ಅನೇಕ ಕಡೆ ಹಡಗು ದಡಕ್ಕೆ ತಾಗಲಾರದು. ಹೊರಗೆ ನಿಂತ ಹಡಗಿನಿಂದ ಸಣ್ಣ ದೋಣಿಗೆ ಇಳಿದು ದ್ವೀಪವನ್ನು ಸೇರಬೇಕು. ಹಡಗಿಗೆ ಅಲ್ಪವೆನಿಸುವ ಉಬ್ಬಲೆಯೂ ಈ ಇಳಿಯುವಿಕೆಯನ್ನು ತಡೆಯಬಲ್ಲದು. ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಡಮಾನಿನ ವಿಷಯ ಬೇರೆ. ಚೆನ್ನೈನಿಂದ ಪೋರ್ಟ್ ಬ್ಲೇರಿಗೆ, ಅಂದರೆ 2024ರಲ್ಲಿ ಶ್ರೀವಿಜಯಪುರವೆಂದು ಹೆಸರಾದ ಊರಿಗೆ, ಹಡಗಿನಲ್ಲಿ ಸುಮಾರು ಮೂರು ದಿನಗಳು ಬೇಕು. ಕೊಲ್ಲಿಯನ್ನು ಅಡ್ಡವಾಗಿ ದಾಟುವ ಈ ಪ್ರಯಾಣವನ್ನು ಅಕ್ಟೋಬರ್, ನವೆಂಬರುಗಳಲ್ಲಿ ಕೈಕೊಳ್ಳದೆ ಜನವರಿಯಿಂದ ಮಾರ್ಚಿಯವರೆಗಿನ ದಿನಗಳಿಗೆ ಮುಂದೂಡುವುದೇ ಜಾಣತನ.

ಕಾಲವನ್ನು ಆಯ್ದ ಮೇಲೆಯೂ ಹೊರಡುವ ಮುನ್ನ ಐದಾರು ದಿನಗಳಿಂದ ಎರಡು ಸೂಚನೆಗಳನ್ನು ನೋಡುತ್ತಿರಬೇಕು: ಒಂದು, ಹವಾಮಾನ ಇಲಾಖೆಯ ಚಂಡಮಾರುತದ ವರದಿ, ಇನ್ನೊಂದು, ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ತೆರೆಗಳ ಎತ್ತರದ ಮುನ್ಸೂಚನೆ. ತೆರೆ ಎರಡೂವರೆ ಮೀಟರನ್ನು ಮೀರುವುದೆಂದಿದ್ದರೆ ಹೊಸ ಪ್ರಯಾಣಿಕರು ಮರುವಿಚಾರ ಮಾಡಬೇಕು. ಹಿಂದಿರುಗುವ ದಿನಕ್ಕೂ ಮುಂದಿನ ಕೆಲಸಕ್ಕೂ ನಡುವೆ ಎರಡು ದಿನಗಳ ಅವಕಾಶವಿರಲಿ. ಹಡಗಿನಲ್ಲಿ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಗಳಲ್ಲಿ ಓಲಾಟ ಕಡಿಮೆ. ದೊಡ್ಡ ನೌಕೆಗಳ ಪಕ್ಕದ ರೆಕ್ಕೆಗಳು ಬದಿಯ ಹೊರಳಾಟವನ್ನು ತಗ್ಗಿಸುತ್ತವೆ; ಆದರೆ ಮುಂದಣ ಹಿಂದಣ ಏರಿಳಿತವನ್ನು ಅವು ಹೆಚ್ಚಾಗಿ ತಡೆಯಲಾರವು.

ಕೊನೆಯದಾಗಿ ಒಂದು ಮಾತು. ಈ ಸೀಮೆಯ ರೈತನಿಗೆ ಅಕ್ಟೋಬರು ಬಿಡುವಿನ ಕಾಲವಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಬಿತ್ತನೆ ಆಗಲೇ ಆಗಬೇಕು. ಉಳ್ಳಾಗಡ್ಡಿಯನ್ನು ಕಿತ್ತು ಪೇಟೆಗೆ ಸಾಗಿಸಬೇಕು. ಬಿತ್ತನೆ ಮುಗಿದು, ಸುಗ್ಗಿಗೆ ಇನ್ನೂ ಕಾಲವಿರುವಾಗ, ನವೆಂಬರಿನ ಕೊನೆ ಮತ್ತು ಡಿಸೆಂಬರಿನಲ್ಲಿ ಅವನಿಗೆ ತುಸು ಉಸಿರಾಡಲು ಅವಕಾಶ ದೊರೆಯುತ್ತದೆ. ಪಶ್ಚಿಮದ ಕಡಲು ತಿಳಿಯಾಗುವುದೂ ಆಗಲೇ. ಶಾಲೆ ಕಾಲೇಜುಗಳ ರಜೆಯ ಪಟ್ಟಿಗಿಂತ ಹೊಲದ ಪಂಚಾಂಗವೇ ಕಡಲಿನ ಪಂಚಾಂಗಕ್ಕೆ ಹೆಚ್ಚು ಹೊಂದುತ್ತದೆಯೆಂಬುದು ಗಮನಾರ್ಹ. ದಸರೆಯ ಬಿಡುವಿಗೆ ಕಟ್ಟುಬಿದ್ದ ಅಧ್ಯಾಪಕರು ಕಿರುಪ್ರಯಾಣದಿಂದ ತೃಪ್ತರಾಗಲಿ. ದ್ವೀಪಗಳನ್ನು ಕಾಣಬೇಕೆಂಬವರು ಹಿಂಗಾರಿ ಪೈರು ಮೊಣಕಾಲೆತ್ತರ ಬರುವವರೆಗೆ ಕಾಯಲಿ. ಹಸ್ತಾ ಚಿತ್ತಾ ಮಳೆಗಳು ಎರೆನೆಲವನ್ನು ನೆನೆಸುವ ದಿನಗಳಲ್ಲಿ ಮನೆಯಲ್ಲಿದ್ದು ಬಿತ್ತನೆಯನ್ನು ನೋಡಿಕೊಳ್ಳುವವರಿಗೆ ಯಾವ ನಷ್ಟವೂ ಇಲ್ಲ.