ಪಿಯುಸಿ ಅಂಕ ಕಡಿಮೆಯಾದರೂ ಮೆಡಿಕಲ್ ಸೀಟಿನ ಬಾಗಿಲು ಮುಚ್ಚಿಲ್ಲ



ಯಜಮಾನರು ಹಾಸಿಗೆ ಹಿಡಿದರೆ ಅಂಗಡಿಯ ಹೊಣೆ ಓದುವ ಮಕ್ಕಳ ಮೇಲೆ ಬೀಳುತ್ತದೆ. ಹಲಸೂರಿನ ನಮ್ಮ ವ್ಯಾಪಾರಿ ಮನೆಗಳಲ್ಲಿ ಇದು ಹೊಸದಲ್ಲ. ಅಂಕ ಇಳಿದ ಕೂಡಲೇ 'ಡಾಕ್ಟರ್ ಓದು ಇನ್ನು ಬೇಡ' ಎನ್ನುವುದು ಅವಸರದ ತೀರ್ಮಾನ.

ಎಂಬಿಬಿಎಸ್ ರ‍್ಯಾಂಕ್ ನೀಟ್ ಅಂಕದಿಂದ ಮಾತ್ರ. ಪಿಯುಸಿಯಲ್ಲಿ ಪಾಸಾಗಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ. 50 ಬಂದರೆ ಅರ್ಹತೆ ಸಿಗುತ್ತದೆ. ದಿಗಂಬರ ಜೈನರು 3ಬಿ ಪ್ರವರ್ಗಕ್ಕೆ ಸೇರುತ್ತಾರೆ. ಜಾತಿ-ಆದಾಯ ಪ್ರಮಾಣಪತ್ರವಿದ್ದರೆ ಶೇ. 40 ಸಾಕು. ಅದೂ ಬಂದಿಲ್ಲವೇ? ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಮನೆಯ ಕಷ್ಟಕ್ಕೆ ಇಲ್ಲಿ ಅಂಕ ಕೊಡುವುದಿಲ್ಲ. ಹಾಗಾಗಿ ಶ್ರಮವೆಲ್ಲ ನೀಟ್‌ಗೇ ಇರಲಿ. 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಲಿ. ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಗುರುತು ಹಾಕಬಾರದು. ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದಿರುವುದರಿಂದ ಮತ್ತೊಂದು ವರ್ಷ ಓದಿ ಬರೆಯಬಹುದು.

ಸೀಟು ಸಿಕ್ಕರೆ ಶುಲ್ಕಕ್ಕೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯಿದೆ. ಜೈನರೂ ಅರ್ಜಿ ಹಾಕಬಹುದು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ.

ಆ ಒಂದು ವರ್ಷ ಗಲ್ಲಾದಲ್ಲಿ ಬೇರೆ ಯಾರಾದರೂ ಕೂರಲಿ. ಮಕ್ಕಳನ್ನು ಓದಲು ಬಿಡಿ.