ಹಿತ್ತಿಲಿನ ಮೋಟಾರು ಕಾರ್ಯಾಗಾರ

1896ನೆಯ ಇಸವಿ ಜೂನ್ 4ರ ನಸುಕು. ಅಮೆರಿಕದ ಡೆಟ್ರಾಯಿಟ್ ನಗರದ ಬ್ಯಾಗ್ಲಿ ಬೀದಿಯಲ್ಲಿ ಒಂದು ಬಾಡಿಗೆಯ ಮನೆ. ಅದರ ಹಿಂದೊಂದು ಇಟ್ಟಿಗೆಯ ಶೆಡ್ಡು. ಹೆನ್ರಿ ಫೋರ್ಡ್ ಎಂಬ ಮೂವತ್ತೆರಡು ವರ್ಷದ ಇಂಜಿನಿಯರು ಬಿಡುವಿನ ವೇಳೆಯಲ್ಲಿ ಅಲ್ಲಿ ದುಡಿದು, ತನ್ನ ಮೊದಲ ಮೋಟಾರು ಬಂಡಿಯನ್ನು ಅಂದು ಸಿದ್ಧಗೊಳಿಸಿದ್ದನು. ಬಂಡಿಯೇನೋ ಸಿದ್ಧ, ಆದರೆ ಶೆಡ್ಡಿನ ಬಾಗಿಲು ಬಂಡಿಗಿಂತ ಕಿರಿದು! ಕೊಡಲಿಯಿಂದ ಗೋಡೆಯ ಇಟ್ಟಿಗೆಗಳನ್ನು ಒಡೆದ ಮೇಲೆಯೇ ಅದು ಬೀದಿಗೆ ಇಳಿಯಿತು.

ಮುಂದೆ ಜಗತ್ಪ್ರಸಿದ್ಧನಾದ ಆತನಿಗೆ ಒದಗಿದ ಈ ಇಕ್ಕಟ್ಟಿನಲ್ಲಿ ನಮಗೊಂದು ಪಾಠವಿದೆ. ಮನೆಯಲ್ಲಿ ಕಾರಿನ ಕೆಲಸಕ್ಕೆ ಕೈಹಾಕುವವರು ಮೊದಲು ಸ್ಪ್ಯಾನರು, ಜಾಕು, ಡ್ರಿಲ್ಲುಗಳ ಪಟ್ಟಿಯನ್ನು ಬರೆಯುತ್ತಾರೆ. ಉಪಕರಣವನ್ನು ಇಂದಲ್ಲದಿದ್ದರೆ ನಾಳೆ ಕೊಳ್ಳಬಹುದು. ಬಾಗಿಲು, ನೆಲ, ಗಾಳಿಗಂಡಿಗಳನ್ನಾದರೋ ಒಮ್ಮೆ ಕಟ್ಟಿದ ಮೇಲೆ ಬದಲಿಸುವುದು ಬಲು ಕಷ್ಟ. ಅಷ್ಟೇ ಅಲ್ಲ, ಕೆಲಸಗಾರನ ಪ್ರಾಣವು ನಿಂತಿರುವುದೂ ಇವುಗಳ ಮೇಲೆಯೇ. ಆದುದರಿಂದ ಕಾರ್ಯಾಗಾರದ ಯೋಜನೆಯನ್ನು ಇವುಗಳಿಂದಲೇ ಆರಂಭಿಸೋಣ.

ಎಷ್ಟು ಜಾಗ ಬೇಕು?

ಉದಾಹರಣೆಗೆ, ನಮಗೆಲ್ಲ ಪರಿಚಿತವಾದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಹಳೆಯದನ್ನು ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಅದರ ಉದ್ದ ಸುಮಾರು 4.3 ಮೀಟರು, ಅಗಲ 1.7 ಮೀಟರು. ಬಾಗಿಲು ತೆರೆದು ಓಡಾಡಲು ಎರಡು ಪಕ್ಕಗಳಲ್ಲಿಯೂ 90 ಸೆಂಟಿಮೀಟರಾದರೂ ಬೇಕು. ಒಂದು ಗೋಡೆಗೆ 60 ಸೆಂಟಿಮೀಟರು ಅಗಲದ ಕೆಲಸದ ಮೇಜು. ಇಂಜಿನನ್ನು ಹೊರತೆಗೆಯಲು ಮುಂಭಾಗದಲ್ಲಿ 1.5 ಮೀಟರು, ಹಿಂಭಾಗದಲ್ಲಿ ನಡೆದಾಡುವಷ್ಟು ಸ್ಥಳ. ಇವೆಲ್ಲವನ್ನೂ ಕೂಡಿಸಿ, ಕೈಯಾಡಿಸಲು ಒಂದಿಷ್ಟು ಸೇರಿಸಿದರೆ, 7 ಮೀಟರು ಉದ್ದ, 4.5 ಮೀಟರು ಅಗಲದ ಕೋಣೆಯಾಗುತ್ತದೆ. ಎಂದರೆ ಸುಮಾರು 340 ಚದರ ಅಡಿ.

ಮೂವತ್ತು-ನಲವತ್ತರ ನಿವೇಶನದಲ್ಲಿ ಇದು ಕಾಲು ಭಾಗಕ್ಕಿಂತಲೂ ಹೆಚ್ಚು. ಅಷ್ಟು ಅನುಕೂಲವಿಲ್ಲದವರು ಅಗಲವನ್ನು 3.5 ಮೀಟರಿಗೆ ಇಳಿಸಿ, ಮೇಜನ್ನು ಗೋಡೆಗೆ ಮಡಚುವಂತೆ ಮಾಡಿಸಿ, ಹೆಚ್ಚು ಸ್ಥಳ ಬೇಡುವ ಕೆಲಸವನ್ನು ಅಂಗಳದಲ್ಲಿ ನಡೆಸಬಹುದು. ಬಾಗಿಲಿನ ಅಗಲವನ್ನು ಮಾತ್ರ 2.7 ಮೀಟರಿಗಿಂತ ಕಡಿಮೆ ಮಾಡಬಾರದು. ಮುಂದೆಂದಾದರೂ ಲಿಫ್ಟನ್ನು ಕೂರಿಸುವ ಆಸೆಯುಳ್ಳವರು ಎತ್ತರದ ಲೆಕ್ಕವನ್ನೂ ಈಗಲೇ ಹಾಕಬೇಕು: ಕಾರು 1.6 ಮೀಟರು, ಅದರ ಕೆಳಗೆ ನಿಲ್ಲುವ ಮನುಷ್ಯ 1.8 ಮೀಟರು, ಒಟ್ಟು 3.4 ಮೀಟರು. ಚಾವಣಿಯು ಇದಕ್ಕಿಂತ ಮೇಲಿರಬೇಕಷ್ಟೆ.

ಭಾರವನ್ನು ಹೊರುವ ನೆಲ

ಅಂಬಾಸಡರಿನ ತೂಕ ಸುಮಾರು 1,100 ಕಿಲೋಗ್ರಾಂ. ಒಂದೊಂದು ಗಾಲಿಯ ಪಾಲಿಗೆ 275 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಾಳಿ ತುಂಬಿದ ಟೈರು ಈ ಭಾರವನ್ನು ಸುಮಾರು ಒಂದು ಹಸ್ತದಗಲದ ನೆಲಕ್ಕೆ ಹಂಚುತ್ತದೆ. ಕಾರನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದಾಗಲಾದರೋ ಅದೇ ಭಾರವು ಕೆಲವೇ ಚದರ ಸೆಂಟಿಮೀಟರುಗಳ ಮೇಲೆ ಬೀಳುತ್ತದೆ. ತೆಳುವಾದ ಗಾರೆಯ ನೆಲ ಅಲ್ಲಿ ಬಿರಿಯುತ್ತದೆ. ಬರಿಯ ಮಣ್ಣು ಕುಸಿಯುತ್ತದೆ. ಆದುದರಿಂದ ಚೆನ್ನಾಗಿ ದಮ್ಮಸು ಮಾಡಿದ ಬುನಾದಿಯ ಮೇಲೆ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಕಾಂಕ್ರೀಟು ಅವಶ್ಯ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬ ಮಿಶ್ರಣ ಇದಕ್ಕೆ ತಕ್ಕದ್ದು. ಕನಿಷ್ಠ ಏಳು ದಿನ ನೀರುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಬಲ ಬರುವುದು ಇಪ್ಪತ್ತೆಂಟು ದಿನಗಳಿಗೆ. ಅಲ್ಲಿಯವರೆಗೆ ಕಾರನ್ನು ಒಳಗೆ ತರುವ ಆತುರ ಬೇಡ.

ಕಾರಿನ ಕೆಳಗೆ ಹೋಗುವವರು ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಜಾಕು ಇರುವುದು ಎತ್ತುವುದಕ್ಕೆ. ಹೊರುವುದಕ್ಕೆ ಸ್ಟ್ಯಾಂಡು ಬೇಕು. ಹೈಡ್ರಾಲಿಕ್ ಜಾಕಿನಲ್ಲಿ ಇಡೀ ಭಾರವನ್ನು ತಡೆದಿರುವುದು ರಬ್ಬರಿನ ಸಣ್ಣ ಬಿಲ್ಲೆಯೊಂದು ಸೋರದಂತೆ ಹಿಡಿದಿಟ್ಟಿರುವ ಎಣ್ಣೆ. ಬಿಲ್ಲೆ ಸೋತರೆ ಕಾರು ಇಳಿಯುತ್ತದೆ. ಕೈಗೆ ಸಿಕ್ಕಿದ ಇಟ್ಟಿಗೆಯನ್ನೋ ಟೊಳ್ಳು ಸಿಮೆಂಟ್ ಇಟ್ಟಿಗೆಯನ್ನೋ ಅಡಿಗಿಡುವ ರೂಢಿಯೂ ಅಪಾಯಕರ. ಅವು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ಕಣ್ಣಿಗೆ ಕಾಣದ ಮೂರು ಅನಿಲಗಳು

ಕಾರ್ಯಾಗಾರದಲ್ಲಿ ನಮ್ಮ ಕಣ್ಣಿಗೆ ಬೀಳದ ಮೂರು ಅನಿಲಗಳು ಹುಟ್ಟುತ್ತವೆ. ಮೂರರ ನಡತೆಯೂ ಬೇರೆ ಬೇರೆ. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ನೀರಿನಂತೆ ನೆಲದ ಮೇಲೆ ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಹೊರಡುವ ಜಲಜನಕವು ಇದಕ್ಕೆ ತೀರ ವಿರುದ್ಧ. ಎಲ್ಲ ಅನಿಲಗಳಿಗಿಂತಲೂ ಹಗುರವಾದ ಅದು ಚಾವಣಿಯ ಮೂಲೆಯನ್ನು ಸೇರುತ್ತದೆ. ನೂರಕ್ಕೆ ನಾಲ್ಕು ಪಾಲಾದರೆ ಅದೂ ಹೊತ್ತಿಕೊಳ್ಳಬಲ್ಲದು.

ಮೂರನೆಯದು ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕದಲ್ಲಿ ಹೆಚ್ಚು ಕಡಿಮೆ ಗಾಳಿಗೆ ಸಮವಾದುದರಿಂದ ಕೋಣೆಯ ತುಂಬ ಬೆರೆತು ನಿಲ್ಲುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್ನು, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ಬಳಿಕ ಮಂಪರು. ಎದ್ದು ಹೊರಗೆ ಹೋಗಬೇಕೆಂಬ ವಿವೇಕವೇ ಮಂಕಾಗಿ, ಕೊನೆಗೆ ಮರಣ. ಈಗಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಸಾಧನವಿದೆ, ನಿಜ. ಆದರೆ ಅದು ಚೆನ್ನಾಗಿ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ. ಹಳೆಯ ಕಾರುಗಳಲ್ಲಿ ಅದು ಇಲ್ಲವೇ ಇಲ್ಲ.

ಈ ನಡತೆಗಳನ್ನು ತಿಳಿದರೆ ಗೋಡೆಯನ್ನು ಹೇಗೆ ಕಟ್ಟಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ನೆಲದ ಮಟ್ಟದಲ್ಲಿ ಎರಡು ಗಂಡಿಗಳು ಎದುರುಬದುರಾಗಿರಲಿ. ಅವುಗಳಿಂದ ಪೆಟ್ರೋಲಿನ ಆವಿ ಹೊರಬೀಳುತ್ತದೆ. ಚಾವಣಿಯ ಅಡಿಯಲ್ಲಿ ಇನ್ನೆರಡಿರಲಿ, ಅವು ಜಲಜನಕಕ್ಕೆ. ಮಂಗಳೂರು ಹೆಂಚಿನ ಮಾಡಿನಲ್ಲಿ ಹೆಂಚುಗಳ ಸಂದುಗಳೇ ಗಾಳಿಗೆ ಒಂದಿಷ್ಟು ದಾರಿ ಕೊಡುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ಯಾವ ಗಂಡಿಯೂ ಸಾಲದು. ಎಂಜಿನನ್ನು ಚಾಲೂ ಮಾಡಬೇಕಾದಾಗ ಕಾರನ್ನು ಬಯಲಿಗೆ ತಳ್ಳುವುದೊಂದೇ ನಿಶ್ಚಿತವಾದ ದಾರಿ. ಗ್ಯಾರೇಜುಗಳಲ್ಲಿ ಕಾಣುವಂಥ ಗುಂಡಿಯನ್ನು ಮನೆಯಲ್ಲಿ ತೋಡಿಸುವ ಮೋಹವನ್ನೂ ಬಿಡುವುದೊಳ್ಳೆಯದು. ಭಾರದ ಆವಿಗೆ ಅದು ತೊಟ್ಟಿಯಿದ್ದಂತೆ. ಅದರೊಳಗೆ ನಿಂತು ಬೆಸುಗೆಯ ಕಿಡಿ ಹಾರಿಸುವುದೆಂದರೆ ಏನೆಂಬುದನ್ನು ಓದುಗರೇ ಊಹಿಸಬಲ್ಲರು.

ಬೆಳಕು ಮತ್ತು ವಿದ್ಯುತ್ತು

ಚಾವಣಿಯ ನಡುವೆ ಒಂದೇ ದೀಪವಿದ್ದರೆ ಬೆಳಕು ಕಾರಿನ ಮಾಡಿನ ಮೇಲೆ ಬೀಳುತ್ತದೆ. ಕೆಲಸ ನಡೆಯುವ ಪಕ್ಕಗಳಲ್ಲಿ ನೆರಳು. ಎರಡು ಪಕ್ಕಗಳಲ್ಲಿಯೂ ಉದ್ದಕ್ಕೆ ದೀಪಗಳ ಸಾಲಿರಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಕೆಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಂಥ ಬೆಳಕಿನಲ್ಲಿ ತಿರುಗುವ ಸಾಣೆಚಕ್ರ ಒಮ್ಮೊಮ್ಮೆ ನಿಂತಂತೆ ಕಾಣುವುದುಂಟು. ಕಣ್ಣನ್ನು ನಂಬಿದ ಬೆರಳು ಗಾಯಗೊಳ್ಳುತ್ತದೆ. ಆದುದರಿಂದ ಸಾಣೆಯ ಬಳಿ ಮಿನುಗದ ದೀಪವನ್ನೇ ಆರಿಸಬೇಕು. ಸಾಕೆಟ್ಟುಗಳು ಪೆಟ್ರೋಲ್ ಆವಿಯ ಮಟ್ಟಕ್ಕೆ ಸಿಗದಂತೆ ನೆಲದಿಂದ ಒಂದು ಮೀಟರು ಮೇಲಿರಲಿ. ಸರಿಯಾದ ಅರ್ಥಿಂಗ್ ಇರಲಿ. 30 ಮಿಲಿಯಾಂಪಿಯರು ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚೂ ಇರಲಿ. ಪೆಟ್ರೋಲಿನ ಬೆಂಕಿ ನೀರಿಗೆ ಆರದು, ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕವನ್ನು ಬಾಗಿಲ ಪಕ್ಕದಲ್ಲಿ ತೂಗುಹಾಕಬೇಕು. ಏಕೆಂದರೆ ಅದನ್ನು ತರಲು ಹೋದವನು ಹೊರಗಿನ ದಾರಿಯಲ್ಲಿಯೇ ಇರುತ್ತಾನೆ.

ಇಷ್ಟಾದ ಮೇಲೆ ಸ್ಪ್ಯಾನರುಗಳ ಪಟ್ಟಿಯನ್ನು ಬರೆಯಬಹುದು. ಅದಕ್ಕೂ ಮೊದಲು, ಒಂದು ಸಂಜೆ ಸೀಮೆಸುಣ್ಣ ಹಿಡಿದು ಅಂಗಳಕ್ಕೆ ಇಳಿಯಿರಿ. ಕೋಣೆಯ ಗಾತ್ರವನ್ನು ನೆಲದ ಮೇಲೆ ಬರೆದು, ಅದರೊಳಗೆ ಕಾರನ್ನು ನಿಲ್ಲಿಸಿ, ನಾಲ್ಕು ಬಾಗಿಲುಗಳನ್ನೂ ತೆರೆದು, ಸುತ್ತ ಒಮ್ಮೆ ನಡೆದುನೋಡಿರಿ. ಗೆರೆಯನ್ನು ದಾಟದೆ ನಡೆಯಲಾಗದಿದ್ದರೆ ಗೆರೆಯನ್ನು ಅಳಿಸಿ ದೂರಕ್ಕೆ ಎಳೆಯಬಹುದು. ಅದಕ್ಕೆ ಕಾಸಿನ ಖರ್ಚಿಲ್ಲ.