ಮಳೆ ಊರಿಗೆ ಎಂಥಾ ಕವರು?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಆನೆಗಳು ಮಗ್ಗುಲಾಗಿ ಮಲಗಿರುತ್ತವೆ, ಮಾವುತರು, ಕಾವಾಡಿಗಳು ಬೆನ್ನು ಉಜ್ಜುತ್ತಿರುತ್ತಾರೆ. ದಡದಲ್ಲಿ ನಿಂತವರ ಕೈಯಲ್ಲೆಲ್ಲ ಫೋನು. ಸ್ವಲ್ಪ ಮುಂಜಾಗ್ರತೆಯವರು ಅದನ್ನು ಪ್ಲಾಸ್ಟಿಕ್ ಪೌಚಿನಲ್ಲಿಟ್ಟು ಕೊರಳಿಗೆ ನೇತುಹಾಕಿಕೊಂಡು ಬಂದಿರುತ್ತಾರೆ. ಆನೆ ಸೊಂಡಿಲೆತ್ತಿ ನೀರು ಚಿಮ್ಮಿಸಿದರೆ ಫೋನಿಗೇನೂ ಆಗುವುದಿಲ್ಲ. ಆದರೆ ಮನೆಗೆ ಹೋಗಿ ನೋಡಿದರೆ ಪಟಗಳಲ್ಲೆಲ್ಲ ಆಗುಂಬೆಯ ಮಂಜು! ಪೌಚಿನ ಬಾಯಿ ಮುಚ್ಚುವಾಗ ಒಳಗೆ ಉಳಿದ ಗಾಳಿಯಲ್ಲಿ ತೇವವಿರುತ್ತದೆ. ಹೊಳೆಯ ನೀರು ತಾಗಿ ಪ್ಲಾಸ್ಟಿಕ್ ತಣ್ಣಗಾಗುತ್ತಿದ್ದಂತೆ ಆ ತೇವ ಒಳಮೈಗೆ ಹನಿಗಟ್ಟಿ ಕ್ಯಾಮೆರಾದ ಕಣ್ಣು ಮುಚ್ಚುತ್ತದೆ. ಹೊರಗಿನ ನೀರನ್ನು ತಡೆದ ಪೌಚಿಗೆ ಒಳಗಿನದ್ದು ಲೆಕ್ಕಕ್ಕೇ ಇಲ್ಲ.

ಕವರು, ಕೇಬಲ್ಲು, ಇಯರ್‌ಫೋನುಗಳ ವ್ಯಾಪಾರವೆಲ್ಲ ನಿಂತಿರುವುದು ದೊಡ್ಡ ಕಂಪನಿಗಳು ಬಿಟ್ಟ ಇಂಥ ಕೊರತೆಗಳ ಮೇಲೆಯೇ. ಬೋಟ್ ಕಂಪನಿಯನ್ನೇ ನೋಡಿ. ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಕಿವಿ ನೋಡಿದರೆ ಒಂದೆರಡರಲ್ಲಾದರೂ ಅದರ ಮಾಲು ಇರುತ್ತದೆ. ಅಮನ್ ಗುಪ್ತಾ, ಸಮೀರ್ ಮೆಹ್ತಾ ಸೇರಿ ಈ ಬ್ರ್ಯಾಂಡನ್ನು ಮಾರುಕಟ್ಟೆಗೆ ಬಿಟ್ಟರು. ಮೊದಲು ಮಾರಿದ್ದು ಹಾಡು ಕೇಳುವ ಸಾಮಾನನ್ನಲ್ಲ, ಐಫೋನಿನ ಚಾರ್ಜಿಂಗ್ ಕೇಬಲ್ಲು. ಆಪಲ್‌ನ ಬಿಳಿ ಕೇಬಲ್ಲು ತುದಿಯ ಹತ್ತಿರ, ಕುತ್ತಿಗೆಯಲ್ಲಿ, ಬಿರುಕು ಬಿಟ್ಟು ತಂತಿ ಹೊರಗೆ ಕಾಣಿಸಿಕೊಳ್ಳುತ್ತಿತ್ತು. ಜನ ಅದಕ್ಕೆ ಇನ್ಸುಲೇಷನ್ ಟೇಪು ಸುತ್ತುತ್ತಿದ್ದರು. ಇವರು ಆ ಜಾಗವನ್ನು ಗಟ್ಟಿಮಾಡಿ, ನೂಲು ಹೆಣೆದಂತಹ ಹೊದಿಕೆ ಕೊಟ್ಟು ಮಾರಿದರು. ಸಾವಿರಗಟ್ಟಲೆ ಬೆಲೆಯ ಸಾಮಾನಿನ ದೊಡ್ಡ ಮಾತುಗಳ ನಡುವೆ ಬೆರಳಷ್ಟು ಉದ್ದದ ಜಾಗವನ್ನು ಗಮನಿಸಿದ್ದು ಜಾಣತನವೇ.

ಕಾಲವೂ ಕೂಡಿಬಂತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಗಿ ಡೇಟಾ ಅಗ್ಗವಾಯಿತು. ಅದೇ ತಿಂಗಳು ಆಪಲ್ ತನ್ನ ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ ತೂತನ್ನೇ ತೆಗೆದುಹಾಕಿತು. 2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರು, ಇಯರ್‌ಫೋನು ಎರಡೂ ಮಾಯವಾದವು. ಪರಿಸರ ಉಳಿಸುವುದಕ್ಕೆ ಎಂದರು. ಇರಬಹುದು. ಆ ವರ್ಷವೇ ಕೊರೊನಾ ಬಂದು, ಮಲೆನಾಡಿನ ಹಳ್ಳಿ ಮಕ್ಕಳು ಛತ್ರಿ ಹಿಡಿದು ಗುಡ್ಡ ಹತ್ತಿ, ನೆಟ್‌ವರ್ಕ್ ಸಿಕ್ಕಲ್ಲಿ ಕುಳಿತು ಪಾಠ ಕೇಳಬೇಕಾಯಿತು. ಮಳೆ ಸದ್ದಿನಲ್ಲಿ ಮೇಷ್ಟರ ಮಾತು ಕೇಳಬೇಕಾದರೆ ಇಯರ್‌ಫೋನು ಇಲ್ಲದೆ ನಡೆಯುತ್ತಿರಲಿಲ್ಲ. ಶೋಕಿಯ ಸಾಮಾನು ಪಾಟಿಚೀಲಕ್ಕೆ ಸೇರಿದ್ದು ಹಾಗೆ.

ಮೊದಮೊದಲು ಇವೆಲ್ಲ ಚೀನಾದಲ್ಲೇ ತಯಾರಾಗಿ ಬರುತ್ತಿದ್ದವು. 2022ರಲ್ಲಿ ಬೋಟ್‌ನ ಮಾತೃ ಕಂಪನಿ ಇಮ್ಯಾಜಿನ್ ಮಾರ್ಕೆಟಿಂಗ್, ನೋಯ್ಡಾದ ಡಿಕ್ಸನ್ ಜೊತೆ ಜಂಟಿ ಕಂಪನಿ ಮಾಡಿಕೊಂಡು ಇಲ್ಲೇ ತಯಾರಿಕೆಗೆ ಇಳಿಯಿತು. ನಮ್ಮ ರಾಜ್ಯದ ಪಾಲು ಫೋನಿನದು: ಭಾರತದಲ್ಲಿ ಜೋಡಿಸಿದ ಮೊದಲ ಐಫೋನ್ ಬಂದಿದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದ ವಿಸ್ಟ್ರಾನ್ ಘಟಕದಿಂದ.

ಸಾಮಾನು ಊರೂರಿಗೆ ಹೋಗಲು ಶುರುವಾದಾಗಿನಿಂದ ಅದರ ಅಂಗಿಯ ಚಿಂತೆಯೂ ಇದೆ. 1957ರಲ್ಲಿ ಸೋನಿ ಕಂಪನಿ ಜೇಬಿಗೆ ಹಿಡಿಯುವ ರೇಡಿಯೊ ಎಂದು ಟಿಆರ್-63 ತಂದಾಗ ಅದು ಮಾಮೂಲಿ ಜೇಬಿಗೆ ಹಿಡಿಯುತ್ತಲೇ ಇರಲಿಲ್ಲ. ಮಾರಾಟಗಾರರಿಗೆ ಸ್ವಲ್ಪ ದೊಡ್ಡ ಜೇಬಿನ ಶರ್ಟು ಹೊಲಿಸಿಕೊಟ್ಟು ಕಳಿಸಿದರು! ನಮ್ಮ ಕಡೆ ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯಿತು. ಕಾರ್ಖಾನೆ ಪಾಳಿ ಮುಗಿಸಿ ಬರುವವರ ಹೆಗಲಲ್ಲಿ, ತೋಟದ ಮನೆಗಳ ಜಗಲಿಯಲ್ಲಿ ಟ್ರಾನ್ಸಿಸ್ಟರು ಬಂದು ಕುಳಿತ ಕಾಲ ಅದು. ಆ ರೇಡಿಯೊದ ಚರ್ಮದ ಕವರನ್ನು ನೋಡಿದವರು ಮರೆಯುವುದಿಲ್ಲ. ಸ್ಪೀಕರಿನ ಎದುರಿಗೆ ಸಾಲಾಗಿ ಕೊರೆದ ತೂತುಗಳು, ಹಿಂದೆ ಟಿಚ್ ಬಟನ್ನು, ಹೆಗಲಿಗೆ ಪಟ್ಟಿ. ಆಷಾಢ ಬಂತೆಂದರೆ ಅದಕ್ಕೆ ಬಿಳಿ ಬೂಷ್ಟು. ಅದನ್ನು ಒರೆಸಿ, ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಒಲೆಯ ಮೇಲಿನ ಅಟ್ಟದ ಹತ್ತಿರ ಇಟ್ಟರೆ ಮತ್ತೆ ಒಂದು ಮಳೆಗಾಲ ನಡೆಯುತ್ತಿತ್ತು. ಹೊಲಿಗೆ ಬಿಟ್ಟರೆ ಚಮ್ಮಾರರು ಹಾಕಿಕೊಡುತ್ತಿದ್ದರು.

ಈಗಿನ ಬ್ಯಾಕ್ ಕವರಿಗೆ ಆ ಯೋಗವಿಲ್ಲ. ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಯಾವ ಮಾಡೆಲ್ ಸಾರ್?" ಒಂದೊಂದು ಮಾಡೆಲ್ಲಿಗೂ ಅಚ್ಚು ಬೇರೆ. ಕ್ಯಾಮೆರಾ ಎರಡು ಮಿಲಿಮೀಟರ್ ಆಚೀಚೆಯಾದರೂ ಹಳೆಯ ಕವರು ದಂಡ. ಫೋನು ಹಳತಾಯಿತೆಂದರೆ ಅದರ ಕವರುಗಳು ಗೋಡೆಯಲ್ಲಿ ನೇತಾಡಿಕೊಂಡೇ ಇರುತ್ತವೆ. ಕೊಂಡದ್ದಾದರೂ ಉಳಿಯುತ್ತದೆಯೇ? ಪಾರದರ್ಶಕ ಎಂದು ಆಸೆಪಟ್ಟು ತಂದದ್ದು ಬಿಸಿಲು, ಶಾಖಕ್ಕೆ ಕೆಲವೇ ತಿಂಗಳಲ್ಲಿ ಹಳದಿ. ಅದು ಕೊಳೆಯಲ್ಲ, ಪ್ಲಾಸ್ಟಿಕ್ಕಿನ ಗುಣವೇ ಹಾಗೆ, ತೊಳೆದರೆ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಕವರಿನಲ್ಲಿ ನೋಡಬೇಕಾದ್ದು ಎರಡೇ: ನಾಲ್ಕು ಮೂಲೆ ದಪ್ಪಗಿರಬೇಕು, ಕ್ಯಾಮೆರಾದ ಸುತ್ತಲ ಅಂಚು ಗಾಜಿಗಿಂತ ತುಸು ಎತ್ತರವಿರಬೇಕು. ಮಿಕ್ಕ ಬಣ್ಣ ಬೆಡಗು ಅವರವರ ಖುಷಿ.

ಇಯರ್‌ಫೋನಿನ ಡಬ್ಬಿಯ ಮೇಲಿನ ಅಂಕಿಗಳದ್ದು ಇನ್ನೊಂದು ಕಥೆ. ಬಹುತೇಕ ಡಬ್ಬಿಗಳ ಮೇಲೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಅಚ್ಚು ಹಾಕಿರುತ್ತಾರೆ. ಅದು ಮನುಷ್ಯನ ಕಿವಿಯ ಅಳತೆ. ಆ ವ್ಯಾಪ್ತಿಯಲ್ಲಿ ಎಲ್ಲಿ ಎಷ್ಟು ಏರುಪೇರು ಎಂದು ಹೇಳದಿದ್ದರೆ ಇನ್ನೂರು ರೂಪಾಯಿಯದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ಅದೇ ಅಂಕಿ. ಸಕ್ರೆಬೈಲಿನ ಆನೆಗಳಿಗಂತೂ ಅದರಿಂದ ಉಪಯೋಗವಿಲ್ಲ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದ ಸಂಶೋಧಕಿ ಕೇಟಿ ಪೇಯ್ನ್ ಅವರಿಗೆ ಸದ್ದು ಕೇಳಲಿಲ್ಲ, ಗಾಳಿ ಅದುರಿದ ಅನುಭವವಾಯಿತು. ರೆಕಾರ್ಡ್ ಮಾಡಿ ನೋಡಿದರೆ 14ರಿಂದ 24 ಹರ್ಟ್ಸ್ ನಡುವೆ ಆನೆಗಳು ಮಾತಾಡಿಕೊಳ್ಳುತ್ತಿದ್ದವು. ಅದರಲ್ಲಿ ಬಹುಪಾಲು ನಮ್ಮ ಕಿವಿಗೆ ನಿಲುಕದ್ದು. ಬಿಡಾರದ ದಡದಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಡೀಜೆ ಹಾಡು ಹಾಕುವ ಪುಣ್ಯಾತ್ಮರಿಗೆ ಇದನ್ನು ಯಾರು ತಿಳಿಸಿ ಹೇಳುವುದೋ.

ಡಬ್ಬಿಯ ಮೇಲೆ ನಮ್ಮೂರಿನವರು ನಿಜವಾಗಿ ಓದಬೇಕಾದದ್ದು ಐಪಿ ಎಂದು ಶುರುವಾಗುವ ಅಂಕಿ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಧೂಳಿನ ಅಂಕಿಯ ಜಾಗದಲ್ಲಿ ಎಕ್ಸ್ ಇರುವ ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚಲು ಬಿದ್ದರೂ ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯ ಶುದ್ಧ ನೀರಿನಲ್ಲಿ, ಹೊಸ ಸಾಮಾನಿಗೆ. ಕೆಸರು ಕಲಸಿದ ತುಂಗೆಯ ನೀರು, ಬೆವರು, ಎರಡು ವರ್ಷ ಹಳೆಯ ರಬ್ಬರಿನ ಬಿಗಿ ಇವುಗಳ ಲೆಕ್ಕ ಅದರಲ್ಲಿಲ್ಲ. ನೀರು ಒಳಹೊಕ್ಕರೆ ಬಹುತೇಕ ಕಂಪನಿಗಳ ವಾರಂಟಿಯೂ ಇಲ್ಲ. ಆಗ ನೆನಪಾಗುವುದು ಅಕ್ಕಿ ಡಬ್ಬ. ಅದೂ ಬೇಡ ಎಂದು ಆಪಲ್ 2024ರಲ್ಲಿ ಹೇಳಿತು: ಅಕ್ಕಿಯ ನುಚ್ಚು, ಧೂಳು ಹೊಕ್ಕು ಇನ್ನಷ್ಟು ಕೆಡುತ್ತದೆ, ಚಾರ್ಜ್ ಮಾಡುವ ತೂತು ಕೆಳಗಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಿ ಎಂದು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಒಣ ಜಾಗ ಎಲ್ಲಿದೆ ಎಂಬುದನ್ನು ಅವರೇ ಬಂದು ತೋರಿಸಬೇಕು.

ಬಳಸುವವರು ಮಾತ್ರ ತಮ್ಮ ತೀರ್ಮಾನ ಮಾಡಿಕೊಂಡಿದ್ದಾರೆ. ಅಡಿಕೆ ಸುಲಿಯುವ ಚಪ್ಪರದಲ್ಲಿ, ಮೆಟ್ಟುಗತ್ತಿಯ ಮುಂದೆ ಕುಳಿತವರ ಕುತ್ತಿಗೆಯಲ್ಲಿ ಕಾಣುವುದು ನೆಕ್‌ಬ್ಯಾಂಡು. ಕಿವಿಯಿಂದ ಜಾರಿದರೂ ಕೊರಳಲ್ಲೇ ಉಳಿಯುತ್ತದೆ. ತಂತಿಯಿಲ್ಲದ ಪುಟ್ಟ ಬಡ್ಸ್ ಸಿಪ್ಪೆರಾಶಿಗೆ ಬಿದ್ದರೆ ಹುಡುಕುವುದು ಯಾರು? ಅಡಿಕೆಯ ಕರೆ ಹಿಡಿದ ಬೆರಳಿಗೆ ಅದನ್ನು ಮುಟ್ಟಿ ಹಾಡು ಬದಲಿಸುವ ನಾಜೂಕೂ ಒಗ್ಗುವುದಿಲ್ಲ, ನೆಕ್‌ಬ್ಯಾಂಡಿನಲ್ಲಾದರೆ ಒಂದು ಗುಂಡಿ ಒತ್ತಿದರಾಯಿತು.

ಈ ನೆಕ್‌ಬ್ಯಾಂಡಿನ ಆಯುಷ್ಯ ಅದರ ಬ್ಯಾಟರಿಯಷ್ಟೇ. ನೀರು ಹೋಗದಿರಲೆಂದು ಅಂಟು ಹಾಕಿ ಮುಚ್ಚಿದ್ದನ್ನು ರಿಪೇರಿಯವರು ಬಿಚ್ಚಿದರೆ ಮತ್ತೆ ಮೊದಲಿನ ಬಿಗಿ ಬರುವುದಿಲ್ಲ. ಬಿಚ್ಚದಿದ್ದರೆ ಕಸ. ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರುವರಿ 18ರಿಂದ, ಇಂಥ ಸಾಮಾನಿನ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಎಂಬ ನಿಯಮ ಜಾರಿಗೆ ಬರಬೇಕಿದೆ. ಸದಾ ನೀರು ತಾಗುವ ಕಡೆಗೆಂದೇ ಮಾಡಿದ ಉಪಕರಣಗಳಿಗೆ ಅದರಲ್ಲೂ ಒಂದು ರಿಯಾಯಿತಿ ಇಟ್ಟಿದ್ದಾರೆ: ಅವನ್ನು ನುರಿತವರು ಬಿಚ್ಚುವಂತಿದ್ದರೂ ಸಾಕು. ನಮ್ಮಲ್ಲಿಗೆ ಅಂಥ ನಿಯಮ ಬಂದರೆ, ವರ್ಷದ ನಾಲ್ಕು ತಿಂಗಳು ಮಳೆಯಲ್ಲೇ ನಡೆಯುವ ಮಲೆನಾಡಿನವರ ನೆಕ್‌ಬ್ಯಾಂಡನ್ನು ಯಾವ ಸಾಲಿಗೆ ಸೇರಿಸುತ್ತಾರೋ ನೋಡಬೇಕು.